ಆಟೋ ಏರಿದ ಹಳೇ ಮಣ್ಣು

“ಜಾಗ ಇಲ್ಲ ಅಕ್ಕ, ಮಣ್ಣು ಬಿಟ್ಬಿಡಿ. ಅಲ್ಲೂ ಸಿಗತ್ತೆ” ಎಂದು ಗೂಡ್ಸ್ ಆಟೋದವನು ಗೊಣಗುತ್ತಿದ್ದ. ಮರ್ಫಿ ಟೌನ್‌ನ ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಯಾದಗಿರಿ ಕಡೆಯ ಶರಣಮ್ಮ ಅಂದು ಕೆ.ಆರ್. ಪುರಕ್ಕೆ ಮನೆ ಬದಲಿಸುತ್ತಿದ್ದರು. ಪಾತ್ರೆ, ಹಾಸಿಗೆ ಎಲ್ಲ ಆಟೋ ಏರಿದ್ದವು. ಕೆಳಗೆ ಉಳಿದಿದ್ದು ಎರಡು ಮೂಟೆ ಮಣ್ಣು. ಅದರಲ್ಲಿ ಒಂದು ಗಿಡವೂ ಇರಲಿಲ್ಲ!

ಬರೀ ಮಣ್ಣನ್ನು ಯಾಕೆ ಒಯ್ಯುತ್ತೀರಿ ಎಂದು ಕುತೂಹಲ ತಡೆಯಲಾರದೆ ಕೇಳಿದೆ. ಅವರು ಮೂಟೆ ಬಿಚ್ಚಿ ನನ್ನ ಅಂಗೈಗೆ ಒಂದು ಹಿಡಿ ಸುರಿದರು. ಕಪ್ಪಗೆ, ಪುಡಿಪುಡಿಯಾಗಿದ್ದ ಅದರೊಳಗಿಂದ ಎರೆಹುಳುವೊಂದು ಮಿಸುಕಾಡುತ್ತ ಹೊರಬಂತು.

“ಆರ್ ವರ್ಷದ್ ಮಣ್ಣರಿ ಇದು, ಮೂರ್ ಮನಿ ನೋಡ್ಯಾದ. ಕುಂಡದಾಗ ಒಂದ್ ಬೆಳಿ ಮುಗದ್ ಮ್ಯಾಲ ಬೇರ್ ಆರಿಸಿ ಬಿಸಲಿಗಿ ಹರವ್ತೀನಿ. ಆಮ್ಯಾಲ ಗೊಬ್ಬರ, ಬೇವಿನ ಹಿಂಡಿ ಕಲಸಿ ಮತ್ತ ಸಸಿ ಹಚ್ತೀನ್ರಿ. ಹ್ಯಾಂಗ್ ಬಿಟ್ಟ್ ಹೋಗ್ಲಿ?”

ಇಷ್ಟು ಹೇಳಿದವರೇ ಆಟೋದಿಂದ ಎರಡು ಕುರ್ಚಿ ಇಳಿಸಿ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು. ಆ ಜಾಗದಲ್ಲಿ ಮಣ್ಣಿನ ಮೂಟೆಗಳು ಕುಳಿತವು. ಆಟೋದವನು ತಲೆ ಕೆರೆದುಕೊಂಡ.

ಪ್ರತಿ ಸಲ ಹಳೇ ಮಣ್ಣನ್ನು ಕಸಕ್ಕೆ ಸುರಿದು ಅಂಗಡಿಯಿಂದ ಹೊಸ ಚೀಲ ತರುತ್ತಿದ್ದವಳು ನಾನು. ಆ ಭಾನುವಾರ ಟೊಮೆಟೊ ಮುಗಿದಿದ್ದ ಕುಂಡಗಳನ್ನು ತಾರಸಿಯಲ್ಲಿ ಬೋರಲು ಹಾಕಿ, ಅವರು ಹೇಳಿದಂತೆಯೇ ಮಾಡಿದೆ. ಅದೇ ಮಣ್ಣಿನಲ್ಲಿ ಮೆಂತ್ಯ ಮೊಳೆತ ದಿನ ಶರಣಮ್ಮನಿಗೆ ಫೋಟೊ ಕಳಿಸಿದೆ. “ಛಲೋ ಬಂದದ. ಇನ್ನ ನಾಕ್ ಬೆಳಿ ತಗೀರಿ, ಆವಾಗ ಆ ಮಣ್ಣು ನಿಮ್ದಾಗ್ತದ” ಎಂದು ಅವರ ಧ್ವನಿ ಸಂದೇಶ ಬಂತು.