ಬೆವರು ಬರಿಸುವ ಸಾರು

ಈಗಷ್ಟೇ ಮೆಣಸು, ಬೆಳ್ಳುಳ್ಳಿ ಕುಟ್ಟಿ ಸಾರಿಗೆ ಹಾಕಿದ್ದೇನೆ. ಆ ಘಾಟಿಗೆ ಸೀನು ನಿಲ್ಲುತ್ತಿಲ್ಲ, ಖುಷಿಯೂ ನಿಲ್ಲುತ್ತಿಲ್ಲ. ಸಿಕ್ಕಿತು ಕಣ್ರೀ, ಸಿಕ್ಕೇಬಿಟ್ಟಿತು!

ಹೋದ ವಾರ ನನಗೆ ಗೊತ್ತಿದ್ದ ಅಡುಗೆಯನ್ನೆಲ್ಲ ಮೊಬೈಲಿಗೆ ಬರೆದು ಸಾರು, ಪಲ್ಯ, ಸಿಹಿ ಎಂದು ಫೋಲ್ಡರು ಮಾಡಿಟ್ಟಿದ್ದೆ. ಇಡೀ ಹೊಸದುರ್ಗದಲ್ಲಿ ನನ್ನಷ್ಟು ಅಚ್ಚುಕಟ್ಟಿನ ಹೆಂಗಸಿಲ್ಲ ಎಂಬ ಜಂಬವೂ ಬಂದಿತ್ತು. ನಮ್ಮ ಯಜಮಾನರು ಇಣುಕಿ ನೋಡಿ, "ಏನೇ, ಸಾರಿಗೂ ತಾಲ್ಲೂಕಾಪೀಸು ತೆಗ್ದಿದೀಯ" ಎಂದು ನಕ್ಕಿದ್ದರು.

ನಕ್ಕವರೇ ಜ್ವರ ಹಿಡಿದು ಮಲಗಿದರು. ಜ್ವರ ಬಿಟ್ಟ ಮೇಲೂ ತುತ್ತು ಮುಟ್ಟಲಿಲ್ಲ. ಗಂಜಿ ತಂದರೆ ಮುಖ ಗೋಡೆಗೆ. ನನಗೆ ನಿಜಕ್ಕೂ ದಿಗಿಲಾಯಿತು. ಇವತ್ತು ಬೆಳಿಗ್ಗೆ ಅಂತೂ ಬಾಯಿಬಿಟ್ಟರು.

"ಮಾಡದಕೆರೆ ದೊಡ್ಡಮ್ಮ ಒಂದು ಸಾರು ಕೊಟ್ಟಿದ್ರಲ್ಲ, ಅದು ಬೇಕು ಕಣೇ."

"ಯಾವ ಸಾರ್ರೀ?"

"ಕುಡಿದ್ರೆ ಬೆವರು ಬರ್ತಿತ್ತಲ್ಲ, ಅದು."

ಬೆವರನ್ನು ಯಾವ ಫೋಲ್ಡರಿನಲ್ಲಿ ಹುಡುಕುವುದು, ನೀವೇ ಹೇಳಿ! ಸಾರುಗಳನ್ನೆಲ್ಲ ಜಾಲಾಡಿದೆ. ಇಲ್ಲ. ಕೇಳೋಣವೆಂದರೆ ದೊಡ್ಡಮ್ಮ ಈಗಿಲ್ಲ.

ಆಗ ನೆನಪಾದದ್ದು ಅವರ ಅಡುಗೆಮನೆಯ ಗೂಡುಗಳು. ನಮ್ಮಮ್ಮನ ಅಕ್ಕ ಅವರು. ಅವರ ಮನೆಯಲ್ಲಿ ಬೇರೆ ಕಾಳುಗಳೆಲ್ಲ ಒಂದು ಕಡೆ ಇದ್ದರೆ ಹುರುಳಿ ಮಾತ್ರ ಮೆಣಸು, ಬೆಳ್ಳುಳ್ಳಿಯ ಪಕ್ಕದಲ್ಲಿರುತ್ತಿತ್ತು. ರವೆ, ಬೆಲ್ಲ, ಶೇಂಗಾ ಇನ್ನೊಂದು ಗೂಡಿನಲ್ಲಿ. ಇದೇನು ಹೀಗೆ ಎಂದು ಒಮ್ಮೆ ಕೇಳಿದ್ದೆ.

"ಇದು ಜ್ವರ ಬಿಟ್ಟೋರ ಗೂಡು ಕಣಮ್ಮ. ಅದು ದಿಢೀರಂತ ಬಂದ ನೆಂಟರದ್ದು. ಒಲೆ ಹಚ್ಚೋಕ್ ಮುಂಚೆ ಮನುಷ್ಯರನ್ನ ಕೇಳ್ಬೇಕು, ಏನಾಗೈತೆ ಅಂತ."

ಹೊಸಿಲು ದಾಟಿ ಯಾರೇ ಬರಲಿ, ದೊಡ್ಡಮ್ಮನ ಮೊದಲ ಮಾತು "ಏನಾಗೈತೆ?" ಎಂದೇ. ಗಟ್ಟಿಮುಟ್ಟಾಗಿದ್ದ ನಾನೂ ಏನಾದರೊಂದು ನೋವು ಹುಟ್ಟಿಸಿಕೊಂಡು ಹೇಳುತ್ತಿದ್ದೆ, ಉತ್ತರಕ್ಕೆ ತಕ್ಕ ತಿಂಡಿ ಗ್ಯಾರಂಟಿ ಇತ್ತಲ್ಲ!

ಹುರುಳಿ! ಮತ್ತೆ ಮೊಬೈಲು ಹಿಡಿದೆ. ಪಲ್ಯದ ಫೋಲ್ಡರಿನಲ್ಲಿ, ಹುರುಳಿ ಪಲ್ಯದ ಬಾಲದಲ್ಲಿ ನಾನೇ ಬರೆದದ್ದು ಕೂತಿತ್ತು: ಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲಬಾರದು, ಮೆಣಸು ಬೆಳ್ಳುಳ್ಳಿ ಕುಟ್ಟಿ ಹಾಕಿ ಕುದಿಸಬೇಕು. ಪಲ್ಯದ ಮನೆಯಲ್ಲಿ ಸಾರು ಅಡಗಿದ್ದರೆ ನನಗೆ ಹೇಗೆ ಸಿಗಬೇಕು?

ಇದೋ, ಸಾರು ಕುದಿಯಿತು. ಬಿಸಿಬಿಸಿ ಲೋಟ ಅವರ ಕೈಗೆ ಕೊಟ್ಟು ಬಂದು, ಪಡಸಾಲೆಯಲ್ಲಿ ಕೂತು ನನ್ನ ತಾಲ್ಲೂಕಾಫೀಸನ್ನೇ ಕಿತ್ತುಹಾಕುತ್ತಿದ್ದೇನೆ. ಹೊಸ ಹೆಸರುಗಳು: ಜ್ವರ ಬಿಟ್ಟವರಿಗೆ, ದಿಢೀರ್ ನೆಂಟರಿಗೆ, ಮುನಿಸಿಕೊಂಡವರಿಗೆ. ಬರೆಯುತ್ತ ಬರೆಯುತ್ತ ದೊಡ್ಡಮ್ಮ ಪಕ್ಕದಲ್ಲೇ ಕೂತಂತಾಗಿ ಕಣ್ಣು ತುಂಬಿತು.

ಒಳಗೆ ಖಾಲಿ ಲೋಟ ಕುಕ್ಕಿದ ಸದ್ದಾಯಿತು. ನನ್ನ ಬಾಯಿಂದ ದೊಡ್ಡಮ್ಮನ ಮಾತೇ ಬಂತು.

"ಏನಾಗೈತ್ರೀ?"

"ಹಸಿವಾಗೈತೆ!"