ಎದುರು ತುದಿಯ ತೂಕ

ನಾನು ಬರೆಯಲಿರುವುದು ನಿಜವಾಗಿ ನಡೆಯಿತೇ ಎಂಬುದು ನನಗೇ ಖಚಿತವಿಲ್ಲ. ಅಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಅಣ್ಣ. ಅಂಥದ್ದೇನೂ ಆಗಲೇ ಇಲ್ಲ ಎಂದು ಅಣ್ಣ ಈಗ ಹೇಳುತ್ತಾನೆ. ಉಳಿದಿರುವುದು ನನ್ನ ನೆನಪೊಂದೇ. ಅದನ್ನು ನಾನು ಅಷ್ಟಾಗಿ ನಂಬುವವನಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ತರಗತಿಯಲ್ಲಿ ಗೇಲಿ ಮಾಡಿ ನಗಿಸಿದ್ದೇನೆ. ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ಅರ್ಧಕ್ಕೇ ಓದು ನಿಲ್ಲಿಸಿದ್ದೇನೆ. ನೀವೂ ನಿಲ್ಲಿಸಿದರೆ ನನಗೆ ಬೇಸರವಿಲ್ಲ.

ನಮ್ಮೂರು ತಾಳವಾಡಿ ಬೆಟ್ಟದ ಮೇಲಿನ ತಿಗನಾರೆ. ಹೊಲ ಊರಿನ ಕೊನೆಗೆ, ಕಾಡಿಗೆ ತಾಗಿಕೊಂಡಿದೆ. ನಾನು ಚಿಕ್ಕವನಿದ್ದಾಗ ಫಸಲಿನ ಕಾಲದಲ್ಲಿ ಹಂದಿ ಕಾಯಲು ನಮ್ಮಿಬ್ಬರನ್ನೂ ಅಲ್ಲಿಗೆ ಕಳಿಸುತ್ತಿದ್ದರು. ನಾವು ನಿದ್ದೆ ಹೋಗದಿರಲೆಂದು ಅಪ್ಪ ಒಂದು ತಿರುಗಣೆ ಮಾಡಿಕೊಟ್ಟಿದ್ದರು. ಸೊಂಟದೆತ್ತರದ ಹುಣಸೆ ಬೊಡ್ಡೆಯ ತಲೆಯನ್ನು ಮೊನಚಾಗಿ ಕೆತ್ತಿ, ಉದ್ದನೆಯ ಮರವೊಂದರ ನಟ್ಟನಡುವೆ ಕುಳಿ ತೋಡಿ, ಅದನ್ನು ಬೊಡ್ಡೆಯ ಮೇಲೆ ಕೂರಿಸಿದ್ದರು, ಅಷ್ಟೇ. ಆ ಕಡೆ ಒಬ್ಬ ಈ ಕಡೆ ಒಬ್ಬ ಕೂತರೆ ಮರ ನೇರ ನಿಂತು ಸುತ್ತುತ್ತದೆ. ಕುಳಿಗೆ ಇದ್ದಿಲ ಪುಡಿ ಹಾಕಿದರೆ ಕಿರ್ರೆಂದು ಅರಚುತ್ತದೆ. ಆ ಸದ್ದಿಗೆ ಹಂದಿ ಹತ್ತಿರ ಸುಳಿಯುವುದಿಲ್ಲ. ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಅವನು ತುದಿಯಲ್ಲಿ ಕೂತರೆ ನಾನು ಮೇಲೆಯೇ ನೇತಾಡಬೇಕು. ಅದಕ್ಕೆ ಅವನು ನಡುವಿನ ಬೊಡ್ಡೆಯ ಕಡೆಗೆ ಜರುಗಿ ಕೂರುತ್ತಿದ್ದ. ನಾನು ಎದುರಿನ ತುತ್ತತುದಿಯಲ್ಲಿ, ಹಿಡಿಕೆಗೆಂದು ಬಡಿದಿದ್ದ ಗೂಟ ಹಿಡಿದುಕೊಳ್ಳುತ್ತಿದ್ದೆ.

ಕಣ್ಣು ಮುಚ್ಚಿಕೊಂಡು ಆಡಬೇಕಾದ ಆಟ ಅದು. ಅಣ್ಣ ಬಸ್ಸಿನ ಕಂಡಕ್ಟರನ ಹಾಗೆ ಊರು ಕೂಗುತ್ತಿದ್ದ. ಮೊದಲು ಆಸನೂರು, ದಿಂಬಂ, ಸತ್ಯಮಂಗಲ. ಆಮೇಲೆ ಯಾವ ನಕ್ಷೆಯಲ್ಲೂ ಇಲ್ಲದ ಊರುಗಳು. ಆ ಊರಲ್ಲಿ ಏನು ಕಾಣುತ್ತದೆಂದು ನಾನು ಹೇಳಬೇಕು. ಸಮುದ್ರ ನೋಡದವನು ಸಮುದ್ರ ಹೇಳುತ್ತಿದ್ದೆನಂತೆ, ಅದರ ಮೇಲೆ ಎತ್ತಿನ ಗಾಡಿ ಓಡಿಸುತ್ತಿದ್ದೆನಂತೆ. ಇವೆಲ್ಲ ಅಣ್ಣ ಹೇಳಿದ್ದು, ನನಗೆ ಒಂದೂ ನೆನಪಿಲ್ಲ. ನೆನಪಿರುವುದು ಆಟದ ಕಟ್ಟಳೆ ಒಂದೇ: ಹೇಳದೆ ಇಳಿಯಬಾರದು. ಒಬ್ಬ ಹೇಳದೆ ಇಳಿದರೆ ಇನ್ನೊಬ್ಬ ದೊಪ್ಪನೆ ಬೀಳುತ್ತಾನೆ.

ಎಂಟು ವರ್ಷ ತುಂಬುವಾಗ ನನ್ನನ್ನು ಚಾಮರಾಜನಗರದ ಹಾಸ್ಟೆಲಿಗೆ ಸೇರಿಸಿದರು. ಬೆಳಗಿನ ಬಸ್ಸು ಹಿಡಿದು ಹೊರಟಾಗ ಅಣ್ಣ ಹೊಲದಲ್ಲಿದ್ದ, ಅವನಿಗೆ ಹೇಳಿ ಹೊರಡಲಾಗಲಿಲ್ಲ. ಅಲ್ಲಿಂದ ಮೈಸೂರು, ಓದು, ಕೆಲಸ. ಅಣ್ಣ ಬೇಸಾಯದಲ್ಲೇ ಉಳಿದ. ಅವನಿಗೆ ಮಕ್ಕಳಾಗಲಿಲ್ಲ. ತಿರುಗಣೆಯ ಮರಕ್ಕೆ ಹುಳ ಹಿಡಿದಾಗಲೆಲ್ಲ ಹೊಸ ಮರ ತಂದು ಕೂರಿಸುತ್ತಿದ್ದ. ಯಾಕೆಂದು ಕೇಳಿದರೆ ಹಂದಿಗೆ ಎನ್ನುತ್ತಿದ್ದ.

ನನ್ನ ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಒಂದು ರೂಢಿ ಬಿತ್ತು. ಡಿಸೆಂಬರ್ ರಜೆಯಲ್ಲಿ ಅಣ್ಣ ಅತ್ತಿಗೆ ಮೈಸೂರಿಗೆ ಬರುವುದು, ಎಲ್ಲರೂ ಊರ ಹೊರಗಿನ ಥೀಮ್ ಪಾರ್ಕಿಗೆ ಹೋಗುವುದು. ಆ ಜಾಗ ನನಗೆ ಮೊದಲಿನಿಂದಲೂ ಸೇರದು. ನಿಮ್ಮೊಳಗಿನ ಮಗುವನ್ನು ಎಬ್ಬಿಸಿ ಎಂದು ಬಾಗಿಲಲ್ಲೇ ಫಲಕ ಹಾಕಿದ್ದಾರೆ. ಒಳಗೆ ನಲವತ್ತು ದಾಟಿದವರು ಮೊಲದ ಕಿವಿ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಎಬ್ಬಿಸಿದ ಮಗುವಿನ ಕೈಗೆ ಮೊದಲು ಫೋನು ಕೊಟ್ಟು ತಮ್ಮ ಫೋಟೊ ತೆಗೆಸಿಕೊಳ್ಳುತ್ತಾರೆ. ಫೋಟೊ ಸರಿಯಾಗಿ ಬಂದರೆ ಮಗು ಮತ್ತೆ ಮಲಗಬಹುದು. ಅಣ್ಣನನ್ನೂ ನಾನು ಅವರ ಲೆಕ್ಕಕ್ಕೇ ಸೇರಿಸಿದ್ದೆ. ಅವನು ಒಂದು ಸಲವೂ ಫೋಟೊಕ್ಕೆ ನಿಂತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಪಾರ್ಕಿನ ನಡುವೆ ಫೈಬರಿನ ಆನೆಯೊಂದಿದೆ. ಅಣ್ಣ ಪ್ರತಿ ಸಲ ಚಪ್ಪಲಿ ಬಿಟ್ಟು ಅದರ ಮುಂದೆ ನಿಲ್ಲುತ್ತಿದ್ದ. ವರ್ಷವಿಡೀ ನಿಜವಾದ ಆನೆಯ ಕಾಟದಲ್ಲಿ ಬದುಕುವವನು ಇದಕ್ಕೆ ಕೈಮುಗಿದು, "ಸ್ವಾಮಿ, ನೀನು ಇಲ್ಲೇ ಇರು. ನಿಮ್ಮೋರ್ಗೂ ವಸಿ ಯೋಳ್ಕಳ್ಸು. ತಿಗನಾರೆ ಜ್ವಾಳ ಈ ವರ್ಸ ರುಚಿಯಾಗಿಲ್ಲ ಅಂತ," ಎನ್ನುತ್ತಿದ್ದ. ಆನೆ ಕಿವಿಯಾಡಿಸಿತು ಎಂದು ಮಗಳು ಆಣೆ ಇಡುತ್ತಿದ್ದಳು. ಅತ್ತಿಗೆ ನನ್ನ ಕಡೆ ತಿರುಗಿ, "ಮನೇಲಿ ಕೇಳುದ್ರೆ ಒಂದ್ ಮಾತಿಲ್ಲ. ಇಲ್ನೋಡಿ, ಪಿಲಾಸ್ಟಿಕ್ ಆನೆ ಜೊತೆ ಸಂಸಾರ," ಎಂದು ನಗುತ್ತಿದ್ದರು.

ಆ ವರ್ಷ ಮಗಳಿಗೆ ಎಂಟು. ರಟ್ಟಿನ ಕಿರೀಟವೊಂದನ್ನು ದೊಡ್ಡಪ್ಪನ ತಲೆಗೆ ಇಟ್ಟಿದ್ದಳು. ಅಣ್ಣನಿಗೆ ಹಿಂದಿನ ತಿಂಗಳು ಎದೆನೋವು ಬಂದಿತ್ತು, ಮೈ ಕುಲುಕುವ ಯಾವುದೂ ಬೇಡವೆಂದು ಡಾಕ್ಟರು ಹೇಳಿದ್ದರು. ಅಣ್ಣ ಅದನ್ನು ನನ್ನಿಂದ ಮುಚ್ಚಿಟ್ಟಿದ್ದ, ಅತ್ತಿಗೆ ಹೇಳಿಬಿಟ್ಟಿದ್ದರು. ಎತ್ತರದಿಂದ ಧುಮುಕುವ ಗಾಡಿಯ ಸಾಲಿನಲ್ಲಿ ನಿಂತಿದ್ದೆವು. ಹೃದಯದ ತೊಂದರೆ ಇದೆಯೇ ಎಂದು ಬಾಗಿಲಲ್ಲಿದ್ದವನು ಎಲ್ಲರನ್ನೂ ಕೇಳುತ್ತಿದ್ದ. ಅಣ್ಣ ಇಲ್ಲವೆಂದ. ನಾನು ಇದೆ ಎಂದೆ. ಅವನು ಮರ್ಯಾದೆಯಿಂದಲೇ ಸರಪಳಿ ಎತ್ತಿ ಅಣ್ಣನನ್ನು ಹೊರಗೆ ಬಿಟ್ಟ.

ಅಷ್ಟು ಮಾಡಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಆದರೆ ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಎಷ್ಟು ವರ್ಷದಿಂದ ಒಳಗಿತ್ತೋ, "ಐವತ್ತು ದಾಟಿತು ಅಣ್ಣ ನಿನಗೆ. ಮಗು ಹಾಗೆ ಆಡೋದು ಸಾಕು ಮಾಡು. ನೋಡೋರಿಗೆ ನಾಚಿಕೆಯಾಗುತ್ತೆ," ಎಂದೆ. ಸಾಲಿನಲ್ಲಿದ್ದ ಕೆಲವರು ನಕ್ಕರು. ಅಣ್ಣ ಕಿರೀಟ ತೆಗೆದು ಮಡಚಿ ಜೇಬಿಗೆ ಇಟ್ಟುಕೊಂಡ. "ಆಯ್ತು ಬುಡಪ್ಪ," ಎಂದ. ಹುಟ್ಟಿದಾಗಿನಿಂದ ನನ್ನನ್ನು ನಮ್ಮ ಕಡೆಯ ಸಲುಗೆಯಲ್ಲಿ 'ಲಾ' ಎಂದೇ ಕರೆದವನು. ಅಪರಿಚಿತರಿಗೆ ಹೇಳುವ ಹಾಗೆ 'ಅಪ್ಪ' ಎಂದದ್ದು ಅದೇ ಮೊದಲು. ಮಗಳೂ ಗಾಡಿ ಹತ್ತಲಿಲ್ಲ. ಇಬ್ಬರೂ ಆನೆಯ ಕಾಲ ಬಳಿ ಕೂತು ದಿನ ಕಳೆದರು.

ಸಂಜೆ ಎಲ್ಲರನ್ನೂ ಕಾರಿನಲ್ಲಿ ತಿಗನಾರೆಗೆ ಕರೆದೊಯ್ದೆ. ಮರುದಿನ ಬೆಳಗಿನ ಜಾವ ತಿರುಗಣೆಯ ಸದ್ದಿಗೇ ಎಚ್ಚರವಾಯಿತು. ಅಷ್ಟು ದೂರದಿಂದಲೂ ಕಿರ್ರೆನ್ನುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅತ್ತಿಗೆ ಒಲೆ ಹಚ್ಚುತ್ತಿದ್ದರು. ಇದು ದಿನಾ ಇದ್ದದ್ದೇ ಎಂದರು. "ಹಂದಿ ಓಡ್ಸಕ್ಕೆ ಅಂತಾರೆ ನಿಮ್ಮಣ್ಣ. ರಾಗಿ ಕುಯ್ದು ತಿಂಗ್ಳಾಯ್ತು. ಬಂದ್ರೆ ಹಂದಿ ಏನ್ ತಿಂದದು, ಮಣ್ಣ?" ಎಂದರು. ಯಾವುದಾದರೂ ಮಗುವನ್ನು ಕರೆದುಕೊಂಡು ಹೋಗುತ್ತಾನೇನೋ ಎಂದು ಕೇಳಿದೆ. "ಐಕ್ಳು ಯಾರೂ ಅಷ್ಟೊತ್ಗೆ ಎದ್ದೇ ಇರಲ್ಲ. ಯಾರ್ನೋ ಕೂರಿಸ್ಕಬೇಕಲ್ಲ, ಒಬ್ರೇ ತಿರುಗಕ್ಕಾದದಾ?" ಎಂದು ಅವರೇ ನನ್ನನ್ನು ಕೇಳಿದರು.

ಹೊಲದ ಕಡೆ ಹೊರಟೆ. ಅಣ್ಣನಿಗೆ ಹೇಳಲು ಎರಡು ಮಾತು ಸಿದ್ಧ ಮಾಡಿಕೊಂಡಿದ್ದೆ. ಕ್ಷಮೆಯಲ್ಲ, ವಿವರಣೆ. ನಾನು ಬದು ಹತ್ತಿದಾಗ ಬೆಳಕು ಹರಿದಿತ್ತು. ನೆಲದ ಮೇಲೆ ಮೊಣಕಾಲುದ್ದ ಮಂಜು ಹಾಸಿತ್ತು, ಅದರ ಮೇಲೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ನನ್ನಿಂದ ತಿರುಗಣೆಗೆ ನನ್ನ ತರಗತಿಯ ಕೊನೆಯ ಬೆಂಚಿನಿಂದ ಕರಿಹಲಗೆಗೆ ಇರುವಷ್ಟು ದೂರ.

ಮರ ನೇರವಾಗಿ ಸುತ್ತುತ್ತಿತ್ತು. ಅಣ್ಣ ಬೊಡ್ಡೆಗೆ ಹತ್ತಿರವಾಗಿ, ಮರಕ್ಕೆ ಸುತ್ತಿ ಕಟ್ಟಿದ್ದ ಗೋಣಿಯ ಮೇಲೆ ಕಾಲು ಮೇಲೆತ್ತಿ ಮಡಚಿಕೊಂಡು ಕೂತಿದ್ದ. ತಲೆಯ ಮೇಲೆ ಮಡಿಕೆ ಬಿದ್ದ ಆ ಕಿರೀಟ. ಕಣ್ಣು ಮುಚ್ಚಿತ್ತು. "ಆಸನೂರ್... ಆಸನೂರ್ ಯಾರ್ ಇಳಿಯೋರು?" ಎಂದು ಕೂಗಿದ. ಕೇಳಿಸಿಕೊಳ್ಳುವವನ ಹಾಗೆ ತಲೆ ವಾಲಿಸಿ, "ಊಂ, ಆಮೇಲೆ?" ಎಂದ. ಆಮೇಲೆ ನಕ್ಕ. ಅಷ್ಟು ಹಗುರವಾದ ನಗು ನಾನು ಅವನಿಂದ ಕೇಳಿ ಎಷ್ಟು ಕಾಲವಾಗಿತ್ತೋ.

ಎದುರು ತುದಿಯಲ್ಲಿ ಯಾರೂ ಇರಲಿಲ್ಲ. ಗೂಟವಿತ್ತು, ಗೂಟದ ಹಿಂದೆ ಖಾಲಿ. ಅದು ಎರಡು ಮೂರು ಸಲ ನನ್ನ ಮುಂದೆಯೇ ಹಾದುಹೋಯಿತು. ನೆಲ ಮುಟ್ಟದ ಕಾಲಿನವನು ಒಂದು ಕಡೆ ಮಾತ್ರ ಕೂತ ಮರ ವಾಲಬೇಕು, ನೆಲಕ್ಕೆ ಬಡಿಯಬೇಕು. ಸನ್ನೆಗೋಲಿನ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ. ಆ ಕ್ಷಣಕ್ಕೆ ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಯಾರೋ ನನ್ನೆದುರೇ ಮೋಸ ಮಾಡುತ್ತಿದ್ದಾರೆ ಎನ್ನುವ ಹಾಗೆ ಗಟ್ಟಿಯಾಗಿ, "ಅಣ್ಣ!" ಎಂದೆ.

ಹಕ್ಕಿ ಎದ್ದುಹೋದಾಗ ಕೊಂಬೆ ಏಳುವ ಹಾಗೆ ಆ ಖಾಲಿ ತುದಿ ಚಂಗನೆ ಮೇಲೆದ್ದಿತು. ಅಣ್ಣನ ಕಡೆ ಕೆಳಗೆ ಬಿತ್ತು. ಅಣ್ಣ ಜಾರಿ ನೆಲಕ್ಕೆ ಬಿದ್ದ, ಕಿರೀಟ ಅತ್ತ ಉರುಳಿತು. ಓಡಿಹೋಗಿ ಎತ್ತಿದೆ. ಅವನು ನನ್ನನ್ನು ನೋಡಲಿಲ್ಲ, ಮೇಲೆ ನಿಂತಿದ್ದ ತುದಿಯನ್ನೇ ನೋಡುತ್ತಿದ್ದ.

"ಯೋಳ್ದೆ ಇಳ್ದ್ಬುಟ್ಟ," ಎಂದ.

ಯಾರು ಎಂದು ಕೇಳಿದೆ. ವಿಳಾಸ ಕೇಳಲು ಬಂದವನನ್ನು ನೋಡುವಂತೆ ನನ್ನ ಮುಖ ನೋಡಿದ.

"ನನ್ ತಮ್ಮ ಕಣಪ್ಪ."

ಅಣ್ಣನಿಗೆ ಇರುವುದು ಒಬ್ಬನೇ ತಮ್ಮ.

ಸಿದ್ಧ ಮಾಡಿಕೊಂಡಿದ್ದ ಎರಡು ಮಾತು ಹಾಗೇ ಉಳಿದವು. ಅವನ ಪಂಚೆಗೆ ಅಂಟಿದ್ದ ಮಣ್ಣು ಕೊಡವಿ, ಕೈಹಿಡಿದು ಮನೆಗೆ ಕರೆತಂದೆ. ಮೈಗೆ ಪೆಟ್ಟಾಗಿರಲಿಲ್ಲ. ಮನೆಗೆ ಬಂದವನು ಕಿರೀಟವನ್ನು ಒಲೆಗೆ ಹಾಕಿ ಕಾಫಿ ಕುಡಿದ.

ಅಂದಿನಿಂದ ಅಣ್ಣ ತಿರುಗಣೆ ಹತ್ತಿಲ್ಲ ಎಂದು ಅತ್ತಿಗೆ ಹೇಳುತ್ತಾರೆ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾನೆ. ಮಳೆ, ಬೆಳೆ, ಕೂಲಿಯಾಳಿನ ಬಗ್ಗೆ ಕೇಳಿದಷ್ಟಕ್ಕೆ ಉತ್ತರ ಕೊಡುತ್ತಾನೆ. ಮುಂದಿನ ಡಿಸೆಂಬರಿನಲ್ಲಿ ಪಾರ್ಕಿಗೆ ಕರೆದರೆ, "ನಮ್ಗೆಲ್ಲ ಯಾಕಪ್ಪ, ನೀವು ಓಗ್ಬನ್ನಿ," ಎಂದ. ನಾನು ಬಯಸಿದ ಅಣ್ಣ ಇವನೇ. ನೋಡುವವರಿಗೆ ಯಾವ ನಾಚಿಕೆಯೂ ಇಲ್ಲ. ನಾವು ಪಾರ್ಕಿಗೆ ಹೋದೆವು. ಆನೆಯ ಹತ್ತಿರ ಮಗಳು ನಿಲ್ಲಲಿಲ್ಲ.

ಒಮ್ಮೆ ಧೈರ್ಯ ಮಾಡಿ ಆ ಬೆಳಗಿನ ಮಾತೆತ್ತಿದೆ. "ಅಂಗೇನಿಲ್ಲ. ಮಂಜು ನೋಡು, ಏನೋ ಕಂಡಂಗಾಗಿರ್ಬೇಕು," ಎಂದ. ಇಂಥದ್ದನ್ನು ಕಂಡೆವೆಂದು ಬಂದವರಿಗೆಲ್ಲ ನಾನು ಹೇಳುತ್ತಾ ಬಂದ ಮಾತೇ ಅದು. ಈಗ ಅದನ್ನೇ ನನಗೆ ನಾನೂ ಹೇಳಿಕೊಳ್ಳುತ್ತೇನೆ. ನಿದ್ದೆಗಣ್ಣಿತ್ತು, ಮನಸ್ಸು ಸರಿಯಿರಲಿಲ್ಲ. ಇದ್ದಿಲು ಬಿಗಿಯಾಗಿ ಮರ ಸ್ವಲ್ಪ ಹೊತ್ತು ವಾಲದೆ ನಿಂತಿರಬಹುದು. ಎದುರು ತುದಿಗೆ ಕಲ್ಲು ಕಟ್ಟಿದ್ದು, ಅದು ಜಾರಿ ಬಿದ್ದಿರಬಹುದು. ಅವತ್ತೇ ಸುತ್ತ ನೋಡಿದ್ದೆ, ಕಲ್ಲಾಗಲಿ ಹಗ್ಗವಾಗಲಿ ಸಿಗಲಿಲ್ಲ. ನೆಲ ಗಟ್ಟಿಯಾಗಿತ್ತು, ಹೆಜ್ಜೆಯೂ ಇರಲಿಲ್ಲ. ಅಣ್ಣನ ಹೆಜ್ಜೆಯೂ ಇರಲಿಲ್ಲವಾದ್ದರಿಂದ ಅದರಿಂದ ಏನೂ ತಿಳಿಯುವುದಿಲ್ಲ.

ಒಂದನ್ನು ಮಾತ್ರ ಪರೀಕ್ಷಿಸಿದ್ದೇನೆ. ಆ ಬೆಳಗಾಗಿ ಮೂರ್ನಾಲ್ಕು ತಿಂಗಳಿಗೆ, ಯುಗಾದಿಗೆ ಹೋದಾಗ ಮಗಳನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಅಣ್ಣ ಬದುವಿನಾಚೆ ಮೇವು ಕಟ್ಟುತ್ತಿದ್ದ. ತಿರುಗಣೆ ಹಾಗೇ ಇತ್ತು, ಗೋಣಿಯೂ ಕಟ್ಟಿದಲ್ಲೇ ಇತ್ತು. ಹಗ್ಗ ಹಿಡಿದು ಎರಡೂ ಕಡೆ ಅಳೆದೆ, ಸಮವಿತ್ತು. ನನಗೂ ಅಣ್ಣನಿಗೂ ಹೆಚ್ಚುಕಡಿಮೆ ಒಂದೇ ತೂಕ. ಗೋಣಿಯ ಮೇಲೆ ಒಬ್ಬನೇ ಕೂತೆ. ಕೂತ ಕೂಡಲೇ ನನ್ನ ಕಡೆ ನೆಲಕ್ಕೆ ಹೋಯಿತು. ಬಿಗಿಯೂ ಇರಲಿಲ್ಲ, ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದೆ.

ಆಮೇಲೆ ಮಗಳನ್ನು ಎದುರು ತುದಿಯಲ್ಲಿ ಕೂರಿಸಿ ಗೂಟ ಹಿಡಿಸಿದೆ, ನಾನು ಗೋಣಿಯ ಮೇಲೆ ಕೂತೆ. ಕುಳಿ ಒಮ್ಮೆ ಕಿರ್ರೆಂದಿತು. ಬದುವಿನಾಚೆ ಅಣ್ಣ ತಲೆಯೆತ್ತಲಿಲ್ಲ. ಮಗಳು ಯಾರೂ ಹೇಳದೆ ಕಣ್ಣು ಮುಚ್ಚಿಕೊಂಡು, "ಊರು ಹೇಳಪ್ಪ," ಎಂದಳು. ನನಗೆ ಒಂದು ಊರೂ ತೋಚಲಿಲ್ಲ. ನಾನು ನೋಡುತ್ತಿದ್ದುದು ಮರವನ್ನು. ಅದು ಆ ಕಡೆಗೂ ವಾಲದೆ ಈ ಕಡೆಗೂ ವಾಲದೆ ನೇರ ನಿಂತಿತ್ತು. ಅಣ್ಣ ಗೋಣಿ ಕಟ್ಟಿಕೊಂಡಿದ್ದ ಜಾಗಕ್ಕೆ ಎದುರು ತುದಿಯಲ್ಲಿ ಬೇಕಾದದ್ದು ಎಂಟು ವರ್ಷದ ಮಗುವಿನ ತೂಕ.