ಸಮೋನ್ನತ ಉಳುಮೆ

೨೦೨೨ರಲ್ಲಿ ನನಗೆ ಐವತ್ತಮೂರು ವರ್ಷ. ಮೇಷ್ಟರ ಕೆಲಸ ಬಿಟ್ಟು, ಜಗಳೂರು ಕಡೆಯ ಒಂದು ಕೆರೆಗೆ ಹೊಲಗಳ ಮಣ್ಣು ಕೊಚ್ಚಿ ಬರದಂತೆ ರೈತರಿಗೆ ತಿಳಿಹೇಳುವ ಕೆಲಸ ಹಿಡಿದಿದ್ದೆ. ‘ಸಮೋನ್ನತ ಉಳುಮೆಯನ್ನು ಅನುಸರಿಸತಕ್ಕದ್ದು’ ಎಂದು ಹಾಳೆ ಬರೆದು ಸಭೆಯಲ್ಲಿ ಹಂಚಿದೆ.

ಕೆರೆಯ ಮೇಲಿನ ಹೊಲದ ಒಡತಿ ಎದ್ದು ಕೇಳಿದರು: “ರಂಟೆ ಉದ್ದಕ್ಕೆ ಹೊಡೀಬೇಕೋ, ಅಡ್ಡಕ್ಕೆ ಹೊಡೀಬೇಕೋ, ಹೆಂಗ್ರೀ ಸಾರ್?”

“ಹೊಡೆಯುವುದು ದನವನ್ನು, ತಾಯಿ. ನೆಲವನ್ನು ಉಳುವುದು,” ಎಂದು ತಿದ್ದಿದೆ. ಎಲ್ಲರೂ ನಕ್ಕರು, ಆಕೆ ಕುಳಿತುಬಿಟ್ಟರು. ಕೇಳಿದ ಪ್ರಶ್ನೆಗೆ ನಾನು ಉತ್ತರವನ್ನೇ ಕೊಡಲಿಲ್ಲ.

‘ಸಮೋನ್ನತ’ವೆಂದರೆ ಒಂದೇ ಮಟ್ಟದಲ್ಲಿ, ಇಳಿಜಾರಿಗೆ ಅಡ್ಡಲಾಗಿ ಎಂದರ್ಥ. ‘ಉನ್ನತ’ವೆಂದರೆ ಎತ್ತರ, ಅಲ್ಲಿಂದಲೇ ಶುರುಮಾಡಬೇಕೆಂದು ತಿಳಿದು ಆಕೆ ಮೇಲಿನಿಂದ ಕೆಳಕ್ಕೆ ಉಳುಮೆ ಮಾಡಿಸಿದರು. ಮೊದಲ ದೊಡ್ಡ ಮಳೆಗೆ ಸಾಲುಗಳೇ ಕಾಲುವೆಗಳಾಗಿ, ಹೊಲದ ಮೇಲ್ಮಣ್ಣು ಕೆರೆ ಸೇರಿತು. ಆ ಕೆಂಪು ರಾಡಿಗೆ ದನಗಳು ಮೂತಿಯಿಡಲಿಲ್ಲ. ಊರವರು ಬೈದಾಗ ಆಕೆ, “ನಂಗೆ ಓದಾಕೆ ಸರಿಯಾಗಿ ಬರಂಗಿಲ್ಲ, ತಪ್ಪು ನಂದೇ,” ಎಂದರು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಈಗಲೂ ನಾಚುತ್ತೇನೆ.

ಮರುವರ್ಷ ಬಿತ್ತನೆಗೆ ಮುನ್ನ, ಅದೇ ಸಭೆಯಲ್ಲಿ ತಪ್ಪು ನನ್ನದೆಂದು ಒಪ್ಪಿ ಹೊಸ ಹಾಳೆ ಓದಿದೆ: ‘ಇಳಿಜಾರಿಗೆ ಅಡ್ಡ ರಂಟೆ ಹೊಡೆಯಿರಿ.’

“ಹೊಡೆಯೋದು ದನಾನಲ್ವೇನ್ರೀ, ಮೇಷ್ಟ್ರೇ?” ಎಂದರು ಆಕೆ.

ಆಕೆಯ ಹೊಲದಲ್ಲಿ ಅಡ್ಡ ಸಾಲು ಬಿದ್ದದ್ದು ೨೦೨೩ರ ಮೇ ೨೮ರಂದು.